ಮಸ್ಕೊವಿ ಬಾತು: ಹಿತ್ತಿಲು ಕೊಡುವ ಮೇವೆಷ್ಟು, ನಾವು ಕೊಡಬೇಕಾದದ್ದೆಷ್ಟು?

ಮಾನ್ಯ ಸಂಪಾದಕರೇ,

ಮಳೆ ಹಿಡಿಯುತ್ತಿದ್ದಂತೆ ಉಡುಪಿ, ಮಂಗಳೂರು ಕಡೆ ಮಸ್ಕೊವಿ ಬಾತುಕೋಳಿ ಕೊಳ್ಳುವವರು ಹೆಚ್ಚುತ್ತಾರೆ. ಮಾರುವವರು ಸಾಮಾನ್ಯವಾಗಿ ಹೇಳುವ ಮಾತು: ‘ಹಿತ್ತಿಲಿಗೆ ಬಿಟ್ಟರಾಯಿತು, ಆಹಾರದ ಖರ್ಚಿಲ್ಲ, ಬಸವನಹುಳು, ಸೊಳ್ಳೆ, ಹಾವು ಯಾವುದೂ ಉಳಿಯುವುದಿಲ್ಲ.’ ಇದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಇದನ್ನೇ ನಂಬಿ ತಂದ ಬಾತುಗಳು ಸೊರಗಿ ಸಾಯುತ್ತವೆ, ಇಲ್ಲವೇ ನಾವೇ ಹಿತ್ತಿಲಲ್ಲಿ ಇಟ್ಟ ವಿಷ ತಿಂದು ಸಾಯುತ್ತವೆ. ಈ ಹಕ್ಕಿ ಹಿತ್ತಿಲಲ್ಲಿ ನಿಜವಾಗಿ ಏನನ್ನು ಹೆಕ್ಕಿ ತಿನ್ನುತ್ತದೆ, ಯಾವುದು ಅದಕ್ಕೆ ಅಲ್ಲಿ ಸಿಗುವುದಿಲ್ಲ ಎಂಬುದನ್ನು ಸಾಕುವವರ ಗಮನಕ್ಕೆ ತರಲು ಈ ಪತ್ರ.

ಮಸ್ಕೊವಿ ನಮ್ಮ ಗದ್ದೆ ಬಾತಿನ ಜಾತಿಯದ್ದಲ್ಲ. ಖಾಕಿ ಕ್ಯಾಂಪ್‌ಬೆಲ್, ಪೆಕಿನ್ ಮುಂತಾದ ಸಾಕು ತಳಿಗಳೆಲ್ಲ ಮಲ್ಲಾರ್ಡ್ ಎಂಬ ಕಾಡು ಬಾತಿನಿಂದ ಬಂದವು. ಮಸ್ಕೊವಿಯ ಮೂಲ ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಕಾಡು ಹೊಳೆಗಳ ಬದಿ. ಮರದ ಮೇಲೆ ಕೂರುತ್ತದೆ, ಉಗುರು ಚೂಪು, ಕೂಗುವ ಬದಲು ಬುಸುಗುಡುತ್ತದೆ. ಮಾಮೂಲಿ ಬಾತಿನ ಮೊಟ್ಟೆ 28 ದಿನಕ್ಕೆ ಒಡೆದರೆ ಇದರದ್ದು 35 ದಿನ ಬೇಕು. ಮೇಯುವ ಕ್ರಮವೂ ಬೇರೆ. ಗದ್ದೆ ಬಾತು ಕೆಸರು ನೀರನ್ನು ಕೊಕ್ಕಿನಲ್ಲಿ ಸೋಸಿ ತಿನ್ನುವುದರಲ್ಲಿ ನಿಪುಣ. ಮಸ್ಕೊವಿ ಹೆಚ್ಚಾಗಿ ನೆಲದ ಮೇಲೆ ನಡೆದಾಡುತ್ತಾ ಹುಲ್ಲು ಕಡಿಯುತ್ತದೆ, ಕಣ್ಣಿಗೆ ಬಿದ್ದ ಹುಳುವನ್ನು ಹಿಡಿಯುತ್ತದೆ. ಹಾಗಾಗಿ ಕೆರೆ ಇಲ್ಲದ ಮನೆಯಲ್ಲೂ ಇದನ್ನು ಸಾಕಬಹುದು.

ಹುಲ್ಲಿನ ವಿಷಯ ಮೊದಲು. ಎಳೆ ಗರಿಕೆ, ಹೊನಗೊನ್ನೆ, ತೋಡಿನ ಬದಿಯ ಮೆತ್ತನೆಯ ಸೊಪ್ಪು, ನೀರಿನ ಮೇಲೆ ತೇಲುವ ಸಣ್ಣ ಪಾಚಿಗಿಡ ಇವೆಲ್ಲ ಇದಕ್ಕೆ ಇಷ್ಟ. ಹುಲ್ಲು ಮೂರು, ನಾಲ್ಕು ಇಂಚಿಗಿಂತ ಗಿಡ್ಡ ಇರಬೇಕು. ಮಂಡಿಯುದ್ದ ಬೆಳೆದು ಒಣಗಿದ ಹುಲ್ಲಿನ ಎಳೆಗಳನ್ನು ನುಂಗಿದರೆ ಅವು ಗಂಟಲ ಬುಡದಲ್ಲಿ ಉಂಡೆಕಟ್ಟಿ ನಿಲ್ಲುತ್ತವೆ. ಬಾತಿಗೆ ಕೋಳಿಯ ಹಾಗೆ ಚೀಲದಂಥ ಗಂಟಲು ಇಲ್ಲ, ಅನ್ನನಾಳವೇ ಸ್ವಲ್ಪ ಅಗಲವಾಗುತ್ತದೆ ಅಷ್ಟೆ. ಬೆಳಿಗ್ಗೆ ಗೂಡಿನಿಂದ ಬಿಡುವಾಗಲೂ ಕತ್ತಿನ ಬುಡ ಗಟ್ಟಿಯಾಗಿ ಕೈಗೆ ಸಿಕ್ಕಿದರೆ ಹಿಂದಿನ ದಿನ ತಿಂದದ್ದು ಇಳಿದಿಲ್ಲ ಎಂದರ್ಥ. ತೆಂಗಿನ ನಾರಿನ ಎಳೆ, ಪ್ಲಾಸ್ಟಿಕ್ ಹಗ್ಗದ ಎಳೆಗಳಿಂದಲೂ ಇದೇ ತೊಂದರೆ.

ಸೊಪ್ಪಿನಲ್ಲಿ ಬಹುಪಾಲು ನೀರೇ ಇರುವುದು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀರಿನಲ್ಲಿ ತೇಲಿ ಬೆಳೆಯುವ ಅಜೋಲಾ ಎಂಬ ಸಣ್ಣ ಗಿಡದ ಬಗ್ಗೆ ಎಲ್ಲೆಡೆ ಪ್ರಚಾರವಿದೆ, ಅದರ ಒಣ ತೂಕದಲ್ಲಿ ಶೇ 20ರಿಂದ 30ರಷ್ಟು ಪ್ರೋಟೀನ್ ಇರುವುದೂ ಹೌದು. ಆದರೆ ಹಸಿ ಅಜೋಲಾದಲ್ಲಿ ಶೇ 90ಕ್ಕಿಂತ ಹೆಚ್ಚು ನೀರು. 100 ಗ್ರಾಂ ಹಸಿ ಅಜೋಲಾ ತಿಂದರೆ ಹೊಟ್ಟೆಗೆ ಸೇರುವ ಒಣ ಪದಾರ್ಥ ಐದಾರು ಗ್ರಾಂ. ಬೆಳೆದ ಹೆಣ್ಣು ಬಾತಿಗೆ ದಿನಕ್ಕೆ 100ರಿಂದ 150 ಗ್ರಾಂ ಒಣ ಆಹಾರ ಬೇಕು, ಗಂಡಿಗೆ ಇನ್ನೂ ಹೆಚ್ಚು. ಬರೀ ಸೊಪ್ಪು ತಿಂದು ಇದನ್ನು ತುಂಬಿಸಲು ಯಾವ ಬಾತಿಗೂ ಸಾಧ್ಯವಿಲ್ಲ.

ಹುಳುಗಳ ವಿಚಾರದಲ್ಲಿ ಮಾತ್ರ ಇದರ ಸಾಮರ್ಥ್ಯ ದೊಡ್ಡದು. ನೊಣ ಹಿಡಿಯುವುದನ್ನು ಹತ್ತಿರದಿಂದ ಗಮನಿಸಿ: ಹಟ್ಟಿಯ ಗೋಡೆಯಲ್ಲಿ ಕೂತ ನೊಣ ಕಂಡರೆ ಕತ್ತನ್ನು ನೆಲಕ್ಕೆ ಸಮನಾಗಿ ಚಾಚಿ, ಒಂದೊಂದೇ ಹೆಜ್ಜೆ ಇಟ್ಟು, ಗೇಣಿನಷ್ಟು ಹತ್ತಿರ ಬಂದು ನಿಲ್ಲುತ್ತದೆ. ಆಮೇಲೆ ಕತ್ತು ಮುಂದೆ ಚಿಮ್ಮುತ್ತದೆ, ಕೊಕ್ಕು ಟಕ್ ಎನ್ನುತ್ತದೆ, ನೊಣ ಇರುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಪಶುಶಾಲೆಗಳಲ್ಲಿ ಈ ಗುಣವನ್ನೇ ಪರೀಕ್ಷಿಸಿ, ಮನೆನೊಣ ನಿಯಂತ್ರಣಕ್ಕೆ ಮಸ್ಕೊವಿ ಉಪಯುಕ್ತ ಎಂದು 1990ರಲ್ಲಿ ಸಂಶೋಧನಾ ಲೇಖನ ಪ್ರಕಟಿಸಿದ್ದಾರೆ. ಹಟ್ಟಿ ಇರುವ ಮನೆಯವರು ಎರಡು ಬಾತು ಸಾಕಿದರೆ ಈ ಲಾಭವಂತೂ ಖಂಡಿತ ಸಿಗುತ್ತದೆ. ಸೆಗಣಿಯಲ್ಲಿ ಬೆಳೆಯುವ ನೊಣದ ಹುಳುವನ್ನೂ ಅವು ಹೆಕ್ಕುತ್ತವೆ.

ಮೊದಲ ಮಳೆಗೆ ರೆಕ್ಕೆಗೆದ್ದಲು ಏಳುವ ಸಂಜೆ ಇವುಗಳಿಗೆ ಹಬ್ಬ. ಎರೆಹುಳು, ಮಿಡತೆ, ಜಿರಲೆ, ಗೊದಮೊಟ್ಟೆ, ಸಣ್ಣ ಕಪ್ಪೆ, ತೋಡಿನ ಚಿಕ್ಕ ಮೀನು, ಒಮ್ಮೊಮ್ಮೆ ಇಲಿಮರಿ, ಎಲ್ಲವೂ ಹೊಟ್ಟೆಗೆ ಹೋಗುತ್ತವೆ. ಅಡಿಕೆ ತೋಟದ ಬೇರುಹುಳದ ದುಂಬಿ ಮುಂಗಾರಿನ ಆರಂಭದಲ್ಲಿ ಮುಸ್ಸಂಜೆಗೆ ಮಣ್ಣಿನಿಂದ ಮೇಲೆ ಬರುತ್ತದೆ, ನೆಲದಲ್ಲಿ ಸಿಕ್ಕರೆ ಬಾತು ಬಿಡುವುದಿಲ್ಲ. ಆದರೆ ಬೇರುಹುಳವನ್ನೇ ಬಾತು ಮುಗಿಸುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೋಳಿ ಕಾಲಿನಿಂದ ಕೆದಕುತ್ತದೆ, ಬಾತಿಗೆ ಆ ಅಭ್ಯಾಸವಿಲ್ಲ. ಒದ್ದೆ ಮಣ್ಣಿಗೆ ಕೊಕ್ಕು ತೂರಿಸುವಷ್ಟೇ ಅದರ ಆಳ. ಅಡಿಕೆ ಬುಡ ಬಿಡಿಸುವಾಗ ಗುದ್ದಲಿಗೆ ಬಂದ ಹುಳುವನ್ನು ತಿನ್ನುತ್ತದೆ, ಅಷ್ಟೆ. ಕೆದಕದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ: ಬುಡಕ್ಕೆ ಹಾಕಿದ ಸೊಪ್ಪು, ಗೊಬ್ಬರ ಚೆಲ್ಲಾಪಿಲ್ಲಿ ಆಗುವುದಿಲ್ಲ.

ತರಕಾರಿ ಪಾತಿಗೆ ಮಾತ್ರ ಬಿಡಬಾರದು. ಹರಿವೆ, ಬಸಳೆಯ ಕುಡಿ, ಸೌತೆಯ ಎಳೆ ಸಸಿ ಒಂದೇ ಬೆಳಗಿನಲ್ಲಿ ಮಾಯ. ನಾಟಿಯಾದ ಹೊಸ ಗದ್ದೆಯೂ ಅದೇ. ಮಸ್ಕೊವಿ ಭಾರವಾದ ಹಕ್ಕಿ, ಗಂಡು ನಾಲ್ಕರಿಂದ ಆರು ಕಿಲೊ ತೂಗುತ್ತದೆ. ಎಳೆ ನೇಜಿಯನ್ನು ತುಳಿಯುತ್ತದೆ, ಕಡಿಯುತ್ತದೆ. ಏಣೆಲು (ಮುಂಗಾರಿನ ಭತ್ತದ ಬೆಳೆ) ಕಟಾವಾದ ಮೇಲೆ ಉದುರಿದ ಭತ್ತ ಹೆಕ್ಕಲು ಬಿಡುವುದು ಸರಿಯಾದ ಸಮಯ. ಆ ಮೂರ್ನಾಲ್ಕು ವಾರ ಧಾನ್ಯದ ಖರ್ಚು ನಿಜವಾಗಿಯೂ ಉಳಿಯುತ್ತದೆ.

ಈಗ ಆಫ್ರಿಕನ್ ಬಸವನಹುಳು. ಜಿಲ್ಲೆಯ ಹಲವು ತೋಟಗಳನ್ನು ಇದು ಕಾಡುತ್ತಿದೆ, ಮಸ್ಕೊವಿ ತರುವವರಲ್ಲಿ ಅನೇಕರು ತರುವುದೇ ಇದಕ್ಕಾಗಿ. ಬಾತು ಅದರ ಮೊಟ್ಟೆಯನ್ನೂ ಮರಿಯನ್ನೂ ತಿನ್ನುತ್ತದೆ. ಒದ್ದೆ ಮಣ್ಣಿನಲ್ಲಿ, ಕೊಳೆತ ಹಾಳೆ ಸೋಗೆಯ ಅಡಿಯಲ್ಲಿ ಗುಂಪಾಗಿ ಇರುವ ಹಳದಿ ಬಿಳುಪಿನ ಸಣ್ಣ ಗುಂಡುಗಳೇ ಆ ಮೊಟ್ಟೆ. ಹೆಬ್ಬೆರಳ ಉಗುರಿನಷ್ಟು ದೊಡ್ಡ ಹುಳುವಾದರೆ ಚಿಪ್ಪಿನ ಸಮೇತ ನುಂಗಿ ಹೊಟ್ಟೆಯಲ್ಲಿ ಅರೆದುಕೊಳ್ಳುತ್ತದೆ. ಅಂಗೈ ತುಂಬುವಂಥ ದೊಡ್ಡ ಹುಳುವನ್ನು ಅದು ಮುಟ್ಟುವುದಿಲ್ಲ, ಮುಟ್ಟಿದರೂ ನುಂಗಲಾರದು. ಆದ್ದರಿಂದ ದೊಡ್ಡವನ್ನು ಸಂಜೆ ಹೊತ್ತು ಕೈಗವಸು ಹಾಕಿ ನಾವೇ ಹೆಕ್ಕಬೇಕು. ಮಿದುಳಿಗೆ ಹೋಗುವ ಪರೋಪಜೀವಿ ಹುಳು ಈ ಬಸವನಹುಳುವಿನಲ್ಲಿ ಇರುವ ಸಾಧ್ಯತೆ ಇರುವುದರಿಂದ ಮಕ್ಕಳ ಬರಿಗೈಗೆ ಕೊಡಬೇಡಿ. ಬಾತನ್ನು ಬಿಡುವ ಹಿಂದಿನ ದಿನ ತೋಟದ ಹಾಳೆ, ಸೋಗೆ ರಾಶಿಗಳನ್ನು ಮಗುಚಿ ಹಾಕಿದರೆ ಮೊಟ್ಟೆ, ಮರಿ ಮೇಲೆ ಬರುತ್ತವೆ, ಬಾತಿನ ಕೆಲಸ ಹತ್ತು ಪಟ್ಟು ಸುಲಭವಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಬಸವನಹುಳು ಕೊಲ್ಲಲು ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಯನ್ನೂ ಬಾತನ್ನೂ ಒಂದೇ ತೋಟದಲ್ಲಿ ಇಡಬಾರದು. ಗುಳಿಗೆಯನ್ನು ಬಾತು ಕಾಳೆಂದು ತಿನ್ನುತ್ತದೆ, ಗುಳಿಗೆ ತಿಂದು ಸತ್ತ ಹುಳುವನ್ನೂ ತಿನ್ನುತ್ತದೆ. ಇನ್ನೊಂದು, ಉಪ್ಪುನೀರಿಗೆ ಹಾಕಿ ಸಾಯಿಸಿದ ಹುಳುವನ್ನು ಬಾತಿನ ಮುಂದೆ ಸುರಿಯಬಾರದು. ಉಪ್ಪು ಹೆಚ್ಚಾದರೆ ಬಾತು ನೀರು ಕುಡಿದೇ ಕುಡಿದು, ಹೇತು, ಕಾಲು ಸೋತು ಬೀಳುತ್ತದೆ. ಚಿಪ್ಪಿಲ್ಲದ ಬಸವನಹುಳುವಿನ ಲೋಳೆ ಕೊಕ್ಕಿಗೆ, ಗಂಟಲಿಗೆ ಅಂಟುವುದರಿಂದ ಮೇಯುವ ಜಾಗದಿಂದ ಹತ್ತು ಹೆಜ್ಜೆಯೊಳಗೆ ನೀರಿನ ಪಾತ್ರೆ ಇರಲೇಬೇಕು. ತಿಂದ ಕೂಡಲೇ ಓಡಿ ಬಂದು ಕೊಕ್ಕು ಅದ್ದಿ ಅಲ್ಲಾಡಿಸಿ ತೊಳೆದುಕೊಳ್ಳುವುದನ್ನು ನೀವೇ ನೋಡಬಹುದು. ಪಾತ್ರೆಯ ನೀರು ಕನಿಷ್ಠ ನಾಲ್ಕೈದು ಇಂಚು ಆಳ ಇದ್ದರೆ ಮೂಗಿನ ರಂಧ್ರ, ಕಣ್ಣು ಮುಳುಗಿಸಿ ತೊಳೆಯಲು ಸಾಕು.

ಸೊಳ್ಳೆಯ ವಿಷಯದಲ್ಲಿ ಮಂಗಳೂರು ನಗರದವರು ಬಾತಿನ ಮೇಲೆ ಭರವಸೆ ಇಡಬೇಡಿ. ಅಂಗಳದ ಹೊಂಡದ ಮರಿಹುಳುವನ್ನು ಅದು ತಿನ್ನಬಹುದು, ಆದರೆ ಮಲೇರಿಯಾ ಸೊಳ್ಳೆ ಬೆಳೆಯುವುದು ತಾರಸಿಯ ಟ್ಯಾಂಕಿನಲ್ಲಿ, ಕಟ್ಟಡ ಕಾಮಗಾರಿಯ ನೀರಿನಲ್ಲಿ. ಅಲ್ಲಿಗೆ ಬಾತು ಹೋಗುವುದಿಲ್ಲ. ಬಾತಿಗೆಂದು ಇಟ್ಟ ಟಬ್ಬಿನ ನೀರನ್ನೇ ವಾರಗಟ್ಟಲೆ ಬದಲಾಯಿಸದಿದ್ದರೆ ಅದೂ ಸೊಳ್ಳೆಯ ತವರಾಗುತ್ತದೆ. ದಿನ ಬಿಟ್ಟು ದಿನ ಚೆಲ್ಲಿ ಬಾಳೆ ಬುಡಕ್ಕೆ ಹಾಕಿ. ಹಾವಿನ ಮಾತೂ ಅಷ್ಟೆ. ಬೆರಳಷ್ಟು ಉದ್ದದ ಹಾವಿನ ಮರಿಯನ್ನು ತಿನ್ನಬಹುದು. ಹೆಬ್ಬಾವು, ಮುಂಗುಸಿ, ಉಡ ಮಾತ್ರ ಬಾತನ್ನೂ ಮೊಟ್ಟೆಯನ್ನೂ ಹುಡುಕಿಕೊಂಡೇ ಬರುತ್ತವೆ. ರಾತ್ರಿ ಗೂಡು ಭದ್ರವಾಗಿರಲಿ.

ಹಿತ್ತಿಲಿನಿಂದ ಸಿಗದೆ ಉಳಿಯುವುದು ಮುಖ್ಯವಾಗಿ ಧಾನ್ಯದ ಶಕ್ತಿ, ಮೊಟ್ಟೆ ಚಿಪ್ಪಿಗೆ ಬೇಕಾದ ಸುಣ್ಣದಂಶ, ಮರಿಗಳಿಗೆ ಬೇಕಾದ ನಿಯಾಸಿನ್ ಎಂಬ ಜೀವಸತ್ವ. ಜೂನ್‌ನಿಂದ ನವೆಂಬರ್‌ವರೆಗೆ ಚೆನ್ನಾಗಿ ಮೇವಿರುವ ಹಿತ್ತಿಲಲ್ಲಿ ಹೆಣ್ಣೊಂದಕ್ಕೆ ಸಂಜೆ 50ರಿಂದ 75 ಗ್ರಾಂ ಆಹಾರ ಕೊಟ್ಟರೆ ಸಾಕು. ಬೆಳಿಗ್ಗೆ ಕೊಡಬೇಡಿ, ಹೊಟ್ಟೆ ತುಂಬಿದ ಬಾತು ನೆರಳಲ್ಲಿ ಕೂರುತ್ತದೆ. ಸಂಜೆ ಗೂಡಿನೊಳಗೇ ಕೊಟ್ಟರೆ ಕತ್ತಲಾಗುವ ಮೊದಲು ತಾವಾಗಿ ಬರುತ್ತವೆ. ಫೆಬ್ರವರಿಯಿಂದ ಮೇ ಕೊನೆಯವರೆಗೆ ಮುರಕಲ್ಲಿನ ನೆಲ ಕಾದು ಹುಲ್ಲು ಸುಟ್ಟುಹೋಗಿರುತ್ತದೆ, ಎರೆಹುಳು ಆಳಕ್ಕೆ ಇಳಿದಿರುತ್ತದೆ. ಆಗ ಪೂರ್ತಿ ಆಹಾರ ನಾವೇ ಕೊಡಬೇಕು. ಬೇಸಿಗೆಯಲ್ಲಿ ಮೊಟ್ಟೆ ನಿಂತಿತು ಎಂದು ದೂರುವವರು ಮೊದಲು ಹಕ್ಕಿಯನ್ನು ಎತ್ತಿ ಎದೆಮೂಳೆ ಮುಟ್ಟಿ ನೋಡಲಿ. ಮೂಳೆ ಚೂಪಾಗಿ ಕೈಗೆ ಚುಚ್ಚಿದರೆ ಅದು ಹಸಿದ ಹಕ್ಕಿ. ಎರಡು ಬದಿ ಮಾಂಸ ತುಂಬಿ ಮೂಳೆಯ ಅಂಚು ಮಾತ್ರ ತಿಳಿದರೆ ಸರಿಯಾಗಿದೆ. ಮೂಳೆಯೇ ಸಿಗದಷ್ಟು ಕೊಬ್ಬಿದ್ದರೂ ಮೊಟ್ಟೆ ಇಡುವುದಿಲ್ಲ.

ಕೊಬ್ಬುವುದು ಅನ್ನದಿಂದ. ನಮ್ಮ ಮನೆಗಳಲ್ಲಿ ಉಳಿದ ಕುಚ್ಚಲಕ್ಕಿ ಅನ್ನ, ಗಂಜಿ ಎಲ್ಲ ಬಾತಿಗೆ. ಒಂದು ಹಿಡಿ ಪರವಾಗಿಲ್ಲ, ಆದರೆ ಅನ್ನದಲ್ಲಿ ಪ್ರೋಟೀನ್ ಕಡಿಮೆ, ಜೀವಸತ್ವ ಇನ್ನೂ ಕಡಿಮೆ. ಅನ್ನ ತಿಂದು ಬೆಳೆದ ಮರಿಗಳ ಕಾಲು ಬಿಲ್ಲಿನಂತೆ ಬಾಗುವುದು, ಹಿಮ್ಮಡಿ ಗಂಟು ಊದುವುದು ನಿಯಾಸಿನ್ ಕೊರತೆಯ ಲಕ್ಷಣ. ಬಾತಿನ ಮರಿಗೆ ಒಂದು ಕಿಲೊ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ನಿಯಾಸಿನ್ ಬೇಕು, ಕೋಳಿಮರಿಯ ಅಗತ್ಯಕ್ಕಿಂತ ಹೆಚ್ಚು. ತಾಯಿಯ ಜೊತೆ ಹುಳು ಹೆಕ್ಕುವ ಮರಿಗೆ ಇದು ಹುಳುವಿನಿಂದಲೇ ಬಹುಪಾಲು ಸಿಗುತ್ತದೆ, ಪೆಟ್ಟಿಗೆಯಲ್ಲಿ ಬೆಳೆಸಿದ ಮರಿಗೆ ಸಿಗುವುದಿಲ್ಲ. ಅಂಥ ಮರಿಗಳಿಗೆ ಒಂದು ಲೋಟ ಆಹಾರಕ್ಕೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿ. ಮೊದಲ ಮೂರು ವಾರ ಶೇ 20ರಿಂದ 22ರಷ್ಟು ಪ್ರೋಟೀನ್ ಇರುವ ಮರಿ ಆಹಾರ, ಆಮೇಲೆ ಶೇ 16ರ ಆಸುಪಾಸು. ಕೋಳಿಮರಿಯ ಆಹಾರ ಕೊಳ್ಳುವುದಾದರೆ ಔಷಧಿ ಬೆರೆಸದ್ದನ್ನೇ ಕೇಳಿ ತನ್ನಿ. ಒಣ ಪುಡಿ ಕೊಟ್ಟರೆ ಗಂಟಲಿಗೆ ಕಟ್ಟುತ್ತದೆ, ನೀರಲ್ಲಿ ಕಲಸಿ ಉಂಡೆಯಾಗುವಷ್ಟು ಹದ ಮಾಡಿ, ಉಳಿದದ್ದನ್ನು ಅಂದೇ ಎಸೆಯಿರಿ.

ಮಳೆಗಾಲದಲ್ಲಿ ಬಾತಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ಅಟ್ಟದ ಮೇಲಿನ ಹಿಂಡಿ ಚೀಲ. ನೆಲಗಡಲೆ ಹಿಂಡಿ, ತೆಂಗಿನ ಹಿಂಡಿ, ಜೋಳ, ತೌಡು ಇವು ಕರಾವಳಿಯ ತೇವಕ್ಕೆ ಬೇಗ ಬೂಸು ಹಿಡಿಯುತ್ತವೆ. ಆ ಬೂಸಿನಿಂದ ಉಂಟಾಗುವ ಅಫ್ಲಾಟಾಕ್ಸಿನ್ ವಿಷಕ್ಕೆ ಸಾಕುಹಕ್ಕಿಗಳಲ್ಲೇ ಅತಿ ಬೇಗ ಬಲಿಯಾಗುವುದು ಬಾತಿನ ಮರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಬಾತಿನ ಮರಿಗಳೂ ಸತ್ತಿದ್ದವು, ಕಾರಣ ಬೂಸು ಹಿಡಿದ ನೆಲಗಡಲೆ ಹಿಂಡಿ. ಅಫ್ಲಾಟಾಕ್ಸಿನ್ ಗುರುತಾದದ್ದೇ ಆ ಘಟನೆಯಿಂದ. ಬೂಸು ಕಂಡ ಭಾಗವನ್ನು ಕೆರೆದು ಉಳಿದದ್ದನ್ನು ಹಾಕುವ ಪದ್ಧತಿ ನಮ್ಮಲ್ಲಿದೆ, ದಯವಿಟ್ಟು ಬಿಡಿ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಹಸುವಿಗೂ ಹಾಕಬೇಡಿ, ಹಾಲಿಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ ಕೊಂಡು ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ನೆಲದಿಂದ ಮೇಲೆ ಇಡಿ.

ಎರಡನೆಯ ಅಪಾಯ ಅಡಿಕೆಗೆ ಬಿಡುವ ಮದ್ದು. ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಗೊನೆಯಿಂದ ತೊಟ್ಟಿಕ್ಕಿದ್ದು ಕೆಳಗಿನ ಹುಲ್ಲಿನ ಮೇಲೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು ಮೈಲುತುತ್ತು ಕರಗಿಸಿದ ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ನೀರು. ಬಾತಿಗೆ ಯಾವ ನೀರಾದರೂ ಒಂದೇ, ಕುಡಿಯುತ್ತದೆ. ಮದ್ದು ಬಿಟ್ಟ ದಿನದಿಂದ ಒಂದು ವಾರ, ನಡುವೆ ಎರಡು ಮೂರು ಜಡಿಮಳೆ ಬಂದು ಹುಲ್ಲು ತೊಳೆದು ಹೋಗುವವರೆಗೆ ಬಾತನ್ನು ತೋಟಕ್ಕೆ ಬಿಡಬೇಡಿ. ಪಕ್ಕದ ತೋಟಕ್ಕೆ ಹಾರಿ ಹೋಗುವ ಹಕ್ಕಿ ಇದು, ಆದ್ದರಿಂದ ಮದ್ದು ಬಿಡುವವರು ಹಿಂದಿನ ದಿನವೇ ನೆರೆಮನೆಗೆ ಒಂದು ಮಾತು ಹೇಳಿದರೆ ಬಹಳ ಉಪಕಾರ. ಹರಳು ರೂಪದ ಕೀಟನಾಶಕವನ್ನು ಬಾಳೆ ಬುಡಕ್ಕೆ ಹಾಕುವ ಅಭ್ಯಾಸ ಇರುವವರು ನೆನಪಿಡಬೇಕಾದ್ದು: ಆಹಾರ ಅರೆಯಲು ಮರಳು ನುಂಗುವ ಹಕ್ಕಿಗೆ ಆ ಹರಳೂ ಮರಳೇ. ಅನ್ನಕ್ಕೋ ಒಣಮೀನಿಗೋ ಬೆರೆಸಿಟ್ಟ ಇಲಿಪಾಷಾಣ, ಅದನ್ನು ತಿಂದು ಸತ್ತ ಇಲಿ, ಎರಡೂ ಬಾತಿಗೆ ಸಾವೇ.

ಮೀನಿನ ಮನೆಗಳಲ್ಲಿ ಇನ್ನೊಂದು. ಬೂತಾಯಿ, ಬಂಗುಡೆಯ ಕರುಳು, ತಲೆಯನ್ನು ಹಸಿಯಾಗಿ ದಿನವೂ ಹಾಕಬೇಡಿ. ಕೆಲವು ಮೀನುಗಳ ಹಸಿ ಮಾಂಸದಲ್ಲಿ ಥಯಾಮಿನ್ ಜೀವಸತ್ವವನ್ನು ಹಾಳುಮಾಡುವ ಅಂಶವಿದೆ, ಕುದಿಸಿದರೆ ಅದು ನಾಶವಾಗುತ್ತದೆ. ಕುದಿಸಿ, ವಾರಕ್ಕೆ ಒಂದೆರಡು ಸಲ, ಸ್ವಲ್ಪವೇ ಕೊಡಿ, ಇಲ್ಲವಾದರೆ ಮೊಟ್ಟೆಯೂ ಮೀನು ವಾಸನೆ ಹೊಡೆಯುತ್ತದೆ. ಉಪ್ಪುಮೀನು, ಸಾರಿನ ಉಳಿಕೆ ಬೇಡವೇ ಬೇಡ. ಗುಂಡಿಗೆ ಎಸೆದ ಮೀನಿನ ಕಸ, ಸತ್ತ ಕೋಳಿ, ಸತ್ತ ಇಲಿ ಕೊಳೆತು ಹುಳುವಾದರೆ ಆ ಹುಳುವಿನಲ್ಲಿ ಬಾಟುಲಿಸಂ ವಿಷ ಶೇಖರವಾಗಿರಬಹುದು. ಸೆಗಣಿಯ ಹುಳು ತಿಂದ ಬಾತಿಗೆ ಏನೂ ಆಗುವುದಿಲ್ಲ, ಹೆಣದ ಹುಳು ತಿಂದದ್ದು ಮೊದಲು ಕಾಲು ಸೋತು, ಆಮೇಲೆ ಕತ್ತು ಎತ್ತಲಾರದೆ ನೆಲಕ್ಕೆ ಚಾಚಿ ಮಲಗುತ್ತದೆ. ಸತ್ತದ್ದನ್ನು ಎರಡು ಅಡಿ ಆಳಕ್ಕೆ ಹೂಳಿ.

ಸುಣ್ಣದಂಶಕ್ಕೆ ದುಬಾರಿ ಪುಡಿ ಬೇಕಿಲ್ಲ, ನಮ್ಮಲ್ಲಿ ಮರುವಾಯಿ ಚಿಪ್ಪು ಧಾರಾಳ. ಉಪ್ಪು ಹೋಗುವಂತೆ ಮೂರು ನೀರಲ್ಲಿ ತೊಳೆದು, ಒಣಗಿಸಿ, ಅಕ್ಕಿ ಕಾಳಿನಷ್ಟು ಜಜ್ಜಿ ಬೇರೆ ತಟ್ಟೆಯಲ್ಲಿ ಇಡಿ. ಆಹಾರಕ್ಕೆ ಬೆರೆಸಬೇಡಿ, ಮೊಟ್ಟೆ ಇಡುವ ಹೆಣ್ಣು ಬೇಕಾದಷ್ಟು ತಾನೇ ತಿನ್ನುತ್ತದೆ, ಬೆರೆಸಿದರೆ ಮರಿಗಳ ಮೂತ್ರಪಿಂಡಕ್ಕೆ ತೊಂದರೆ. ಇನ್ನೊಂದು ತಟ್ಟೆಯಲ್ಲಿ ಹೊಳೆಯ ದಪ್ಪ ಮರಳು ಇರಲಿ. ಸಮುದ್ರದ ಮರಳು ಬೇಡ.

ಹೊಸದಾಗಿ ಮನೆ ಕಟ್ಟಿದ, ಮಾಡು ದುರಸ್ತಿ ಮಾಡಿದ ಜಾಗದಲ್ಲಿ ಬಿಡುವ ಮೊದಲು ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆಯಿರಿ. ಬೈಂಡಿಂಗ್ ವಯರ್ ತುಂಡು, ಮೊಳೆ, ಸ್ಕ್ರೂ ಹೊಳೆಯುವುದರಿಂದ ಬಾತು ನುಂಗುತ್ತದೆ. ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಯೂ ಹಾಗೆಯೇ ಒಳಗೆ ಹೋಗುತ್ತದೆ.

ಎಷ್ಟು ಸಾಕಬಹುದು ಎಂದರೆ, ಹತ್ತು ಸೆಂಟ್ಸ್ ಹಿತ್ತಿಲಿಗೆ ಒಂದು ಗಂಡು, ಮೂರು ಹೆಣ್ಣು. ಇದಕ್ಕಿಂತ ಹೆಚ್ಚಾದರೆ ಹುಲ್ಲು ಚಿಗುರುವ ಮೊದಲೇ ನೆಲ ಬೋಳಾಗಿ ಕೆಸರಾಗುತ್ತದೆ. ಬಸವನಹುಳು, ಎರೆಹುಳು ತಿನ್ನುವ ಹಕ್ಕಿಗೆ ಹೊಟ್ಟೆಹುಳದ ಬಾಧೆ ಸಹಜ. ಮೂರು, ನಾಲ್ಕು ತಿಂಗಳಿಗೊಮ್ಮೆ ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ತೋರಿಸಿ, ವೈದ್ಯರು ಹೇಳಿದ ಮದ್ದನ್ನೇ ಕೊಡಿ.

ಪಶುಸಂಗೋಪನಾ ಇಲಾಖೆಯವರಲ್ಲಿ ನಮ್ಮ ಕೋರಿಕೆ ಇಷ್ಟು: ಮುಂಗಾರಿಗೆ ಮೊದಲು ಗ್ರಾಮ ಪಂಚಾಯಿತಿಗಳಲ್ಲಿ ಹಿಂಡಿಯ ಬೂಸು, ಬೋರ್ಡೋ ದ್ರಾವಣ, ಇಲಿಪಾಷಾಣ ಇವುಗಳ ಬಗ್ಗೆ ಸಾಕುಹಕ್ಕಿ ಇರುವ ಮನೆಗಳಿಗೆ ಒಂದು ಪುಟದ ಕನ್ನಡ ಸೂಚನೆ ಹಂಚಲಿ. ಸಾಕುವವರೂ ಒಂದು ನೆನಪಿಡಲಿ. ಬಾತು ಹಠಾತ್ತನೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಗಿನಿಂದ ಐಸ್ ಇಟ್ಟು, ಫ್ರೀಜರಿಗೆ ಹಾಕದೆ, ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಜೊತೆಗೆ ಅದು ತಿನ್ನುತ್ತಿದ್ದ ಹಿಂಡಿ, ತೌಡನ್ನು ಒಂದು ಹಿಡಿ ಬೇರೆ ಕಟ್ಟಿಕೊಳ್ಳಿ. ಒಂದೇ ಬಾರಿ ಹಲವು ಹಕ್ಕಿ ಸತ್ತರೆ ಮಾತ್ರ ಎಲ್ಲಿಗೂ ಒಯ್ಯಬೇಡಿ, ಫೋನ್ ಮಾಡಿ ವೈದ್ಯರನ್ನೇ ಕರೆಯಿರಿ.

ಇತಿ,
ಬಾತು ಸಾಕುವ ಓದುಗರು
ಬ್ರಹ್ಮಾವರ, ಉಡುಪಿ ಜಿಲ್ಲೆ